ದರೆಯಂಚಿನ ಗ್ಯಾಸ್ ಪೈಪು

ನಮ್ಮ ಓಣಿಯಲ್ಲಿ ನೆಲದಡಿಯ ಗ್ಯಾಸ್ ಪೈಪು ಹೂತದ್ದು ಮೊದಲೋ, ಓಣಿಯ ಬದಿಯ ನಾಗಬನಕ್ಕೆ ಹೊಸ ಕಟ್ಟೆ ಕಟ್ಟಿದ್ದು ಮೊದಲೋ ಎಂಬ ಪ್ರಶ್ನೆ ಒಂದು ಬೇಸಗೆಯ ಕೊನೆಯಲ್ಲಿ ನನ್ನನ್ನು ಬಿಡದೆ ಹಿಡಿದುಕೊಂಡಿತು. ಇಂಥ ಪ್ರಶ್ನೆಗಳು ನನಗೆ ಹೊಸವಲ್ಲ. ಉದ್ಯೋಗದಲ್ಲಿದ್ದಷ್ಟು ಕಾಲ ಕರಾವಳಿಯ ಶಿಲಾಶಾಸನಗಳ ಕಾಲನಿರ್ಣಯವೇ ನನ್ನ ಕೆಲಸವಾಗಿತ್ತು. ಆದರೆ ಒಂದು ಶಾಸನದ ಕಾಲವನ್ನು ನಾನು ಕೆಲವು ವರ್ಷ ಆಚೀಚೆ ಮಾಡಿದರೂ ಯಾರ ಅಡುಗೆಮನೆಯ ಮೇಲೂ ಮಣ್ಣು ಕುಸಿಯುತ್ತಿರಲಿಲ್ಲ. ಈ ಸಲದ ಪ್ರಶ್ನೆ ಅಂಥದ್ದಾಗಿರಲಿಲ್ಲ.

ಕಾಪುವಿಗೆ ಹತ್ತಿರದ ನಮ್ಮ ಮನೆ ಒಂದು ಇಳಿಜಾರಿನ ನೆತ್ತಿಯಲ್ಲಿದೆ. ಮನೆಯೆದುರು ಕಾಂಕ್ರೀಟಿನ ಓಣಿ. ಓಣಿಯಾಚೆ ನಾಲ್ಕು ಮರ, ನಾಗನ ಕಲ್ಲು, ಮೊಣಕಾಲೆತ್ತರದ ಕಟ್ಟೆಯಿರುವ ಸಣ್ಣ ಬನ. ಬನದ ಹಿಂದೆ ಒಂದಿಷ್ಟು ಹುಲ್ಲುನೆಲ. ಅಲ್ಲಿಗೆ ನೆಲ ಮುಗಿದು ಕೆಂಪು ಮಣ್ಣಿನ ಕಡಿದಾದ ದರೆ. ದರೆಯ ಕೆಳಗೆ ಇನ್ನೊಂದು ಮನೆಯಿದೆ. ಆ ಮನೆಯವರನ್ನು ನಾವೆಲ್ಲ ಕೆಳಮನೆಯ ಅಕ್ಕ ಎಂದೇ ಕರೆಯುವುದು. ಗಂಡನಿಲ್ಲದ ಹೆಂಗಸು. ಹೆದ್ದಾರಿಯ ಬದಿಯ ಎರಡು ಹೋಟೆಲುಗಳಿಗೆ ನೀರುದೋಸೆ, ಕಡುಬು ಮಾಡಿಕೊಡುತ್ತಾರೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವರ ಬದುಕು ನಡೆಯುವುದು ಅಡುಗೆಮನೆಯಲ್ಲಿ. ಆ ಅಡುಗೆಮನೆಯ ಹಿಂಗೋಡೆಯೋ ದರೆಗೆ ಎಷ್ಟು ಹತ್ತಿರವೆಂದರೆ, ಕಿಟಕಿಯಿಂದ ಕೈ ಚಾಚಿದರೆ ಮಣ್ಣು ಸಿಗುತ್ತದೆ.

ಅದರ ಹಿಂದಿನ ಮಳೆಗಾಲದಲ್ಲಿ ದರೆಯ ಒಂದು ಪಾಲು ಕುಸಿಯಿತು. ಕಿಟಕಿಯ ಸರಳುಗಳು ಒಳಕ್ಕೆ ಬಗ್ಗಿ, ದೋಸೆ ಹುಯ್ಯುವ ಜಾಗದಲ್ಲಿ ಮಣ್ಣು ತುಂಬಿತು. ಅಕ್ಕ ಆಗ ಎದುರಿನ ಜಗಲಿಯಲ್ಲಿ ಹೋಟೆಲಿನವನೊಂದಿಗೆ ಮಾತನಾಡುತ್ತಿದ್ದುದರಿಂದ ಉಳಿದರು. ದರೆಯ ಅಂಚು ನನ್ನ ಹೆಸರಿನ ಜಾಗದ ಪಟ್ಟೆಯಲ್ಲಿ ಸೇರಿದೆ. ಬನ ಮಾತ್ರ ಅಕ್ಕನ ಕುಟುಂಬದ್ದು. ಆದ್ದರಿಂದ ತಡೆಗೋಡೆ ಕಟ್ಟಿಸಬೇಕಾದವನು ನಾನು. ಮುಂದಿನ ಮಳೆಗೆ ಮೊದಲು ಗೋಡೆ ಏಳಬೇಕು ಎಂದು ಅಕ್ಕನಿಗೆ ಮಾತು ಕೊಟ್ಟೆ. "ನೀವು ಹೇಳಿದ ಮೇಲೆ ಆಯ್ತಲ್ಲ ಡಾಕ್ಟ್ರೆ," ಎಂದರು. ನನ್ನ ಡಾಕ್ಟರೇಟು ಶಾಸನಗಳದ್ದು ಎಂಬುದನ್ನು ಊರು ಬಹಳ ಹಿಂದೆಯೇ ಮರೆತಿದೆ. ಜ್ವರಕ್ಕೆ ಮಾತ್ರೆ ಕೇಳಿಕೊಂಡು ಬರುವವರೂ ಇದ್ದಾರೆ.

ಕಾರ್ಕಳದ ಒಬ್ಬ ಮೇಸ್ತ್ರಿಯನ್ನು ಗೊತ್ತುಮಾಡಿದ್ದಾಯಿತು. ದರೆಯ ಅಂಚನ್ನು ಮೇಲಿನಿಂದ ಹಿಂದಕ್ಕೆ ಕಡಿದು, ಕೆಳಗೆ ಪಂಚಾಂಗ, ಎಂದರೆ ಅಡಿಪಾಯ, ಹಾಕಿ, ಕಪ್ಪುಕಲ್ಲಿನ ಗೋಡೆ ಎಬ್ಬಿಸುವುದು ಅವನ ಲೆಕ್ಕಾಚಾರ. ಆದರೆ ಜೇಸಿಬಿ ಬಂದ ದಿನ ಅವನ ಕಣ್ಣು ಓಣಿಯ ಅಂಚಿನಲ್ಲಿದ್ದ ಎರಡು ಹಳದಿ ಗುರುತುಕಲ್ಲುಗಳ ಮೇಲೆ ಬಿತ್ತು. ಒಂದು ಬನಕ್ಕಿಂತ ಮೇಲೆ, ಇನ್ನೊಂದು ಬನಕ್ಕಿಂತ ಕೆಳಗೆ.

"ಡಾಕ್ಟ್ರೆ, ಇದು ಗ್ಯಾಸಿನದ್ದು. ಇದರ ಹತ್ತಿರ ನಾನು ಬಕೆಟ್ ಇಳಿಸುವುದಿಲ್ಲ. ಮೊದಲು ಅವರನ್ನು ಕರೆಸಿ, ಪೈಪ್ ತೆಗೆಸಿ. ಆಮೇಲೆ ನಾನು."

ಜೇಸಿಬಿ ಬಂದ ಹಾಗೆಯೇ ಹೋಯಿತು. ಅಕ್ಕ ಕೆಳಗಿನಿಂದ ಸದ್ದು ಕೇಳಿ ಮೇಲೆ ಹತ್ತಿ ಬಂದವರು ಖಾಲಿ ಓಣಿಯನ್ನೂ ನನ್ನನ್ನೂ ನೋಡಿದರು.

"ಎಂತ, ಮುಗಿಯಿತಾ ಕೆಲಸ?"

ನಾನು ಪೈಪಿನ ವಿಷಯ ಹೇಳಿದೆ.

"ನೋಡಿ ಡಾಕ್ಟ್ರೆ, ನನ್ನ ತಲೆಯ ಮೇಲೆ ಗ್ಯಾಸ್ ಹೋಗುವುದು, ನನ್ನ ಒಲೆಗೆ ಮಾತ್ರ ಸಿಲಿಂಡರ್. ಈಗ ಆ ಗ್ಯಾಸಿನ ಉಪದ್ರವೂ ನನಗೇ."

ಮರುದಿನವೇ ಉಡುಪಿಗೆ ಹೋದೆ. ಗ್ಯಾಸ್ ಕಂಪನಿಯ ಕಚೇರಿಯಲ್ಲಿ ಪೈಪು ಸ್ಥಳಾಂತರಕ್ಕೆ ಒಂದು ಕ್ರಮವಿತ್ತು: ಅರ್ಜಿ, ಸ್ಥಳಪರಿಶೀಲನೆ, ಅಂದಾಜು, ರಸ್ತೆ ಅಗೆಯಲು ಪಂಚಾಯತಿಯ ಒಪ್ಪಿಗೆ, ಅನಂತರ ಸರಬರಾಜು ನಿಲ್ಲಿಸುವ ದಿನದ ನಿಗದಿ. ಪ್ರತಿಯೊಂದೂ ನ್ಯಾಯವಾದದ್ದೇ. ಆದರೆ ಮಳೆ ಶುರುವಾದ ಮೇಲೆ ಪಂಚಾಯತಿ ರಸ್ತೆ ಅಗೆಯಲು ಬಿಡುವುದಿಲ್ಲ. ಆಗ ಕೆಲಸ ದೀಪಾವಳಿಯ ಆಚೆಗೆ ಹೋಗುತ್ತದೆ. ಯುಗಾದಿ ಕಳೆದಿತ್ತು. ವಾರಗಟ್ಟಲೆ ಉಡುಪಿಯ ಬಸ್ಸಿನಲ್ಲಿ ಕುಳಿತು ನಾನು ಆಕಾಶ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ಸಂಜೆ ಪಶ್ಚಿಮದಲ್ಲಿ ಒಂದು ಮೋಡ ಕಂಡರೂ ಮಳೆಗೆ ಉಳಿದ ದಿನಗಳನ್ನು ಎಣಿಸುತ್ತಿದ್ದೆ. ಅಂಥ ಸಂಜೆ ದರೆಯ ಅಂಚಿಗೆ ಹೋಗಿ ಬಗ್ಗಿ ನೋಡಿದರೆ ಕೆಳಗೆ ಅಡುಗೆಮನೆಯ ಹೊಗೆಗೂಡು ಕಾಣುತ್ತಿತ್ತು. ಮನೆಯಾಕೆ ಕೂಗಿ ಕರೆಯುತ್ತಿದ್ದಳು: "ಅಲ್ಲಿ ನಿಂತರೆ ದರೆ ಗಟ್ಟಿಯಾಗುತ್ತದಾ? ಬನ್ನಿ ಒಳಗೆ."

ಕಂಪನಿಯಿಂದ ಸ್ಥಳಪರಿಶೀಲನೆಗೆ ಬಂದದ್ದು ಒಬ್ಬ ಇಂಜಿನಿಯರ್ ಹುಡುಗಿ. ಮಣಿಪಾಲದಲ್ಲಿ ಓದಿದವಳು, ಉಡುಪಿಯವಳೇ. ನಕ್ಷೆಯನ್ನು ನನ್ನ ಜಗಲಿಯ ಮೇಲೆ ಹರಡಿ ತೋರಿಸಿದಳು. ಓಣಿಯ ಅಂಚಿಗೆ ಸಮಾನಾಂತರವಾಗಿ, ಒಂದು ಗುರುತುಕಲ್ಲಿನಿಂದ ಇನ್ನೊಂದಕ್ಕೆ ನೇರವಾದ ಗೆರೆ. ಇದು ಪ್ಲಾಸ್ಟಿಕ್ ಜಾತಿಯ ಪೈಪಾದ್ದರಿಂದ ಲೋಹ ಹುಡುಕುವ ಯಂತ್ರಕ್ಕೆ ಸಿಗುವುದಿಲ್ಲ, ಅಗೆದೇ ನೋಡಬೇಕು ಎಂದಳು. ಎರಡು ಕಡೆ, ಬನದ ಮೇಲ್ಬದಿಯಲ್ಲಿ ಒಂದು, ಕೆಳಬದಿಯಲ್ಲಿ ಒಂದು, ಕೈಯಿಂದ ಪರೀಕ್ಷಾ ಗುಂಡಿ ತೋಡಿಸಿದಳು. ನಡುವೆ ಬನವಿತ್ತು. ಬನದ ಮಣ್ಣಿಗೆ ಹಾರೆ ತಾಗಿಸುವ ಮಾತನ್ನು ಯಾರೂ ಆಡಲಿಲ್ಲ. ಅವಳೂ ಆಡಲಿಲ್ಲ, ಅಗೆಯುವವರೂ ಆಡಲಿಲ್ಲ, ಬನದ ಕಡೆಗೆ ಬೆನ್ನು ಹಾಕದಂತೆ ಎಚ್ಚರದಿಂದ ನಿಂತಿದ್ದ ನಾನೂ ಆಡಲಿಲ್ಲ. ಅದು ಆಡಬೇಕಾದ ಮಾತು ಎಂಬುದೇ ನಮಗೆ ಹೊಳೆಯಲಿಲ್ಲ.

ಎರಡೂ ಗುಂಡಿಗಳಲ್ಲಿ ಹಳದಿ ಪೈಪು ನಕ್ಷೆ ತೋರಿಸಿದ ಜಾಗದಲ್ಲೇ ಸಿಕ್ಕಿತು. ಅವಳು ಒಂದು ಗುಂಡಿಯಿಂದ ಇನ್ನೊಂದಕ್ಕೆ ದಾರ ಎಳೆದು, ದಾರದಿಂದ ದರೆಯ ಅಂಚಿಗೆ ಅಳತೆ ಹಿಡಿದು, ಮುಖ ಅರಳಿಸಿದಳು.

"ಸರ್, ನಿಮಗೆ ಶಿಫ್ಟಿಂಗ್ ಬೇಕಾಗಿಯೇ ಇಲ್ಲ. ಮೇಸ್ತ್ರಿ ಕಡಿಯುವ ಜಾಗಕ್ಕೂ ಪೈಪಿಗೂ ತುಂಬ ಅಂತರ ಉಂಟು. ನಾಳೆಯೇ ಕೆಲಸ ಶುರು ಮಾಡಬಹುದು."

ಮೇ ಕೊನೆಯ ಪತ್ತನಾಜೆ ಆಗಷ್ಟೇ ಕಳೆದಿತ್ತು. ಆ ದಿನ ದಾಟಿದರೆ ನಮ್ಮಲ್ಲಿ ಕೋಲ, ಬಯಲಾಟ ಎಲ್ಲ ನಿಲ್ಲುತ್ತವೆ, ಎಲ್ಲರೂ ಮಳೆಗೆ ಅಣಿಯಾಗುತ್ತಾರೆ. ಅಂಥ ಹೊತ್ತಿನಲ್ಲಿ ಈ ಮಾತು ಕೇಳಿ ನನಗಾದ ಹಗುರವನ್ನು ಹೇಗೆ ಹೇಳಲಿ? ಮೇಸ್ತ್ರಿಗೆ ಫೋನು ಮಾಡಿದೆ. ಅವನು ನಾಡಿದ್ದು ಜೇಸಿಬಿಯೊಂದಿಗೆ ಬರುತ್ತೇನೆಂದ. ಅಕ್ಕ ಮೇಲೆ ಬಂದು ಜಗಲಿಯಲ್ಲಿ ಕುಳಿತರು. ಮನೆಯಾಕೆ ಎಲ್ಲರಿಗೂ ಚಹ ಕೊಟ್ಟಳು. ಮಾತು ಪೈಪು ಹಾಕಿದ ಕಾಲಕ್ಕೆ ಹೋಯಿತು.

"ನಮ್ಮ ತಂಗಿಯ ಮಗಳ ಮದುವೆಗೆ ಬಂದವರೆಲ್ಲ ಹಲಗೆ ದಾಟಿಯೇ ಬಂದದ್ದು," ಎಂದಳು ಮನೆಯಾಕೆ. "ಓಣಿಯುದ್ದಕ್ಕೂ ಅಗೆದು ಹಾಕಿದ್ದರು. ನನಗೆ ಯಾರಾದರೂ ಬೀಳುತ್ತಾರೆಂದೇ ಭಯ."

"ಮದುವೆಗೆಯಾ?" ಅಕ್ಕ ಲೋಟ ಕೆಳಗಿಟ್ಟರು. "ಇಲ್ಲಮ್ಮ, ಪೈಪ್ ಹಾಕಿದ್ದು ನಮ್ಮ ನಾಗಪ್ರತಿಷ್ಠೆಯ ಸಮಯಕ್ಕೆ. ಅಗೆದು ಹಾಕಿದ್ದರಿಂದ ಕಲಶ ಹೊತ್ತವರಿಗೆ ದಾರಿಯೇ ಇರಲಿಲ್ಲ. ನಿಮ್ಮ ಅಂಗಳದ ಮೇಲೆ ಕರೆದುಕೊಂಡು ಹೋದದ್ದು ನಾನೇ. ಗೇಟಿನ ಬೀಗದ ಕೈ ನೀವು ತುಳಸಿಕಟ್ಟೆಯ ಹಿಂದೆ ಇಟ್ಟಿದ್ದಿರಿ, ನೆನಪಿಲ್ವಾ?"

"ಬೀಗದ ಕೈ ಇಟ್ಟದ್ದು ಹೌದು. ಆದರೆ ಅಗೆದದ್ದು ಮದುವೆಗೆ."

"ಇಬ್ಬರಲ್ಲಿ ಒಬ್ಬರಿಗೆ ಪ್ರಾಯವಾಯಿತು," ಎಂದು ಅಕ್ಕ ನಕ್ಕರು. ಇಂಜಿನಿಯರ್ ಹುಡುಗಿಯೂ ನಕ್ಕಳು. ನನಗೆ ನಗು ಬರಲಿಲ್ಲ.

ಮದುವೆ ನಡೆದದ್ದು ತುಳುವರ ಸುಗ್ಗಿ ತಿಂಗಳಲ್ಲಿ, ಎಂದರೆ ಮಾರ್ಚಿನಲ್ಲಿ. ನಾಗಪ್ರತಿಷ್ಠೆ ಬೇಶ ತಿಂಗಳಲ್ಲಿ, ಎಂದರೆ ಮೇಯಲ್ಲಿ, ಪತ್ತನಾಜೆಗೆ ಸ್ವಲ್ಪ ಮೊದಲು. ವರ್ಷ ಒಂದೇ. ನಡುವೆ, ಏಪ್ರಿಲಿನಲ್ಲಿ, ಬಿಸು ಹಬ್ಬ ಬರುತ್ತದೆ. ಆ ವರ್ಷ ನಾವಿನ್ನೂ ಮಣಿಪಾಲದ ವಸತಿಗೃಹದಲ್ಲಿದ್ದೆವು. ಊರ ಮನೆಗೆ ಮದುವೆಗೂ ಬಿಸುವಿಗೂ ಬಂದವರು, ಮತ್ತೆ ಮಳೆ ಹಿಡಿದ ಮೇಲೆಯೇ ಬಂದದ್ದು. ಬಿಸುವಿನ ದಿನ ಓಣಿಯಲ್ಲಿ ಅಗೆದ ಮಣ್ಣು ಮುಚ್ಚಿ ಸಮ ಮಾಡಿದ್ದನ್ನು ನಾನೇ ನೋಡಿದ್ದೆ. ಹಾಗಾದರೆ ಪ್ರತಿಷ್ಠೆಯ ದಿನ ಅದು ತೆರೆದಿರುವುದು ಹೇಗೆ?

"ಅದು ನೀರಿನ ಪೈಪಿಗೆ ಅಗೆದದ್ದಿರಬೇಕು ಸರ್," ಎಂದಳು ಹುಡುಗಿ. ಸಾಧ್ಯವಿತ್ತು. ಆದರೆ ನಮ್ಮ ನೀರಿನ ಪೈಪು ಓಣಿಯ ಈಚೆ ಬದಿಯಲ್ಲಿದೆ. ಅದನ್ನು ಅಗೆದರೆ ನನ್ನ ಗೇಟೇ ಮುಚ್ಚುತ್ತಿತ್ತು, ಕಲಶ ಹೊತ್ತವರು ನನ್ನ ಅಂಗಳದಿಂದ ಹೋಗುವುದು ಆಗುತ್ತಿರಲಿಲ್ಲ. ಅವಳು ಇನ್ನೊಂದು ಕಡೆಯ ಕೆಲಸಕ್ಕೆ ಹೊರಟುಹೋದಳು. ನಾನು ಜಗಲಿಯಲ್ಲಿ ಉಳಿದೆ.

ಮರುದಿನ ಬೆಳಿಗ್ಗೆ ಮಣಿಪಾಲಕ್ಕೆ ಹೋದೆ. ಮನೆಯಾಕೆಯ ತಂಗಿ ಅಲ್ಲಿದ್ದಾಳೆ. ಮಗಳ ಮದುವೆಯ ವೀಡಿಯೊ ಅವಳ ಬಳಿ ಇದೆ. ಗ್ಯಾಸ್ ಪೈಪಿಗಾಗಿ ಮದುವೆಯ ವೀಡಿಯೊ ನೋಡಲು ಬಂದ ಭಾವನನ್ನು ಅವಳು ಏನೆಂದುಕೊಂಡಳೋ. ದಿಬ್ಬಣ ನಮ್ಮ ಓಣಿಗೆ ಬರುವ ಭಾಗವನ್ನು ಮೂರು ಸಲ ಹಾಕಿಸಿದೆ. ಹಲಗೆಯಿತ್ತು, ಹಲಗೆಯ ಕೆಳಗೆ ತೋಡಿದ ಕಾಲುವೆಯಿತ್ತು. ಅದು ನಕ್ಷೆಯಲ್ಲಿದ್ದಂತೆ ನೇರವಾಗಿ ಬನದ ಪಕ್ಕದಲ್ಲೇ ಹೋಗುತ್ತಿತ್ತು. ಬನಕ್ಕೆ ಆಗ ಕಟ್ಟೆ ಇರಲಿಲ್ಲ. ಕಲ್ಲಿನ ಸುತ್ತ ಬರೀ ಮಣ್ಣು. ಈಗಿನ ಕಟ್ಟೆಯ ಮೂಲೆ ಬರುವುದು ಸರಿಯಾಗಿ ಆ ಕಾಲುವೆಯ ಮೇಲೆ.

ನಾನು ಬಸ್ಸಿನಲ್ಲಿ ಹಿಂದಿರುಗುವಾಗ ಅದನ್ನೇ ಯೋಚಿಸಿದೆ. ಹಾರೆ ತಾಗಿಸಲು ಒಪ್ಪದ ಒಂದು ಕುಟುಂಬ, ನಾಗನ ಹೊಸ ಕಟ್ಟೆಯನ್ನು ಗ್ಯಾಸ್ ಪೈಪಿನ ಮೇಲೆ ಕಟ್ಟಿಸಿಕೊಂಡೀತೇ? ವೃತ್ತಿಯಲ್ಲಿ ನಾನು ಕಲಿತದ್ದು ಒಂದೇ: ನಂಬಬಹುದಾದ ಇಬ್ಬರು ಸಾಕ್ಷಿಗಳು ಬೇರೆ ಬೇರೆ ಮಾತು ಹೇಳಿದರೆ, ಒಬ್ಬರನ್ನು ಸುಳ್ಳು ಮಾಡುವ ಮೊದಲು ಘಟನೆ ಎರಡಾಗಿರಬಹುದೇ ಎಂದು ನೋಡಬೇಕು. ಮನೆಯಾಕೆ ಎರಡನೆಯ ಅಗೆತವನ್ನು ಕಾಣುವ ಹಾಗಿರಲಿಲ್ಲ; ಅವಳು ಊರಲ್ಲಿರಲಿಲ್ಲ. ಅಕ್ಕ ಮೊದಲನೆಯದನ್ನು ಏಕೆ ಕಾಣಲಿಲ್ಲ? ಬಸ್ಸಿಳಿದವನು ಮನೆಗೂ ಹೋಗದೆ ಕೆಳಮನೆಗೆ ಇಳಿದೆ.

ಅಕ್ಕ ದೋಸೆಕಲ್ಲಿನ ಎದುರು ನಿಂತಿದ್ದರು. ಆ ವರ್ಷ ಸುಗ್ಗಿಯಲ್ಲಿ ನೀವು ಊರಲ್ಲಿದ್ದಿರಾ ಎಂದು ಕೇಳಿದೆ.

"ಸುಗ್ಗಿಯಲ್ಲಾ? ಇಲ್ಲಪ್ಪ. ಅಮ್ಮ ಬಿದ್ದು ಸೊಂಟ ಮುರಿದುಕೊಂಡದ್ದಲ್ವಾ, ಹೆಜಮಾಡಿಯಲ್ಲಿ ಅವರ ಹತ್ತಿರ ಇದ್ದೆ. ಬಂದದ್ದು ಪ್ರತಿಷ್ಠೆಗೆ. ನಿಮ್ಮ ಮದುವೆಗೂ ಬರಲಿಕ್ಕೆ ಆಗಲಿಲ್ಲ. ಈಗ ಎಂತಕ್ಕೆ ಅದು?"

ಇನ್ನೊಂದು ವಿಷಯ ಉಳಿದಿತ್ತು. ಪೈಪನ್ನು ಸರಿಸಿದ್ದರೆ ಯಾವ ಕಡೆಗೆ? ಓಣಿಯ ಕಡೆಗೋ, ದರೆಯ ಕಡೆಗೋ? ನಮ್ಮ ಓಣಿಯ ತುದಿಯಲ್ಲಿ ಕಾಂಕ್ರೀಟು ಹಾಕಿದ್ದರ ನೆನಪಿಗೆ ಪಂಚಾಯತಿ ನಿಲ್ಲಿಸಿದ ಗ್ರಾನೈಟ್ ಫಲಕವಿದೆ. ಬಾಳಿನುದ್ದಕ್ಕೂ ಶಾಸನ ಓದಿದವನು ಮನೆಯ ಪಕ್ಕದ ಈ ಕಲ್ಲನ್ನು ಒಮ್ಮೆಯೂ ಓದಿರಲಿಲ್ಲ. ಈಗ ಬಳ್ಳಿ ಸರಿಸಿ ಓದಿದೆ. ಕಾಂಕ್ರೀಟು ಬಿದ್ದದ್ದು ಬಿಸುವಿನ ನಂತರ, ಪ್ರತಿಷ್ಠೆಗಿಂತ ಮೊದಲು. ಹೊಸ ಕಾಂಕ್ರೀಟನ್ನು ಆಗಲೇ ಒಡೆಯಲು ಯಾರೂ ಬಿಟ್ಟಿರುವುದಿಲ್ಲ. ಹಾಗಾದರೆ ಉಳಿಯುವುದು ಬನದ ಹಿಂದಿನ ಮೆತ್ತನೆಯ ಹುಲ್ಲುನೆಲ. ಎಂದರೆ ಮೇಸ್ತ್ರಿಯ ಜೇಸಿಬಿ ಮರುದಿನ ಮೊದಲ ಬಕೆಟ್ ಇಳಿಸಲಿರುವ ಜಾಗ.

ಮೇಸ್ತ್ರಿಗೆ ಫೋನು ಮಾಡಿ ನಾಳೆ ಬರಬೇಡ ಎಂದೆ. ಇಂಜಿನಿಯರಿಗೆ ಫೋನು ಮಾಡಿ ದಯವಿಟ್ಟು ಬನ್ನಿ ಎಂದೆ. ಅಕ್ಕನಿಗೆ ಮಾತ್ರ ಎದುರಿಗೇ ಹೇಳಬೇಕಾಯಿತು. ಅವರು ಓಣಿಯಲ್ಲಿ ನಿಂತು, ಕೈಯಲ್ಲಿದ್ದ ಸಟ್ಟುಗ ಹಿಡಿದುಕೊಂಡೇ ಕೇಳಿದರು.

"ಡಾಕ್ಟ್ರೆ, ಕಂಪನಿಯವರೇ ತೊಂದರೆ ಇಲ್ಲ ಅಂದ ಮೇಲೆ ನೀವು ಎಂತ ಹುಡುಕುವುದು? ಕೇರಳಕ್ಕೆ ಮಳೆ ಬಂತಂತೆ, ಟೀವಿಯಲ್ಲಿ ಹೇಳಿದ್ರು. ನಿಮಗೆ ಯಾವುದು ಮೊದಲು ಯಾವುದು ಆಮೇಲೆ ಅಂತ ಗೊತ್ತಾಗಬೇಕು. ನನಗೆ ಗೋಡೆ ಆಗಬೇಕು."

"ಪೈಪು ಒಡೆದರೆ ಮೊದಲು ಬೆಂಕಿ ಸೋಕುವುದು ನಿಮ್ಮ ಒಲೆಯಿಂದ, ಅಕ್ಕ."

"ಹೇಗೂ ಸಾಯುವುದಾದರೆ ಮಣ್ಣಿನಲ್ಲಾದರೇನು, ಬೆಂಕಿಯಲ್ಲಾದರೇನು. ಮಣ್ಣಿಗಾದರೆ ತಾರೀಕು ಗೊತ್ತಿದೆ, ಮಳೆ ಬಂದ ದಿನ."

ಅವರು ಇಳಿದು ಹೋದರು. ನನ್ನ ಊಹೆ ತಪ್ಪಾಗಿದ್ದರೆ ಕಳೆದುಹೋಗುವ ದಿನಗಳು ನನ್ನವಲ್ಲ, ಅವರವು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಸಂಜೆ ಕಡಲಿನ ಸದ್ದು ಬದಲಾಗಿತ್ತು. ಬೇಸಗೆಯ ಬಿಡಿ ಬಿಡಿ ಅಲೆಯ ಸದ್ದು ಹೋಗಿ ಒಂದೇ ಸಮನೆ ಉರುಳುವ ಮೊರೆತ ಶುರುವಾಗಿತ್ತು. ಊಟಕ್ಕೆ ಕುಳಿತಾಗ ಮನೆಯಾಕೆ ಕೇಳಿದಳು: "ನಿಮಗೆ ಖಾತ್ರಿ ಉಂಟಾ?" ಖಾತ್ರಿಯಿಲ್ಲ ಎಂದೆ. "ಹಾಗಾದರೆ ಸರಿ," ಎಂದಳು. "ಖಾತ್ರಿ ಉಂಟು ಅಂದಿದ್ದರೆ ನನಗೆ ಹೆಚ್ಚು ಹೆದರಿಕೆಯಾಗುತ್ತಿತ್ತು."

ಇಂಜಿನಿಯರ್ ಹುಡುಗಿ ಮರುದಿನವೇ ಬಂದಳು. ನನ್ನ ಸುಗ್ಗಿ, ಬಿಸು, ಬೇಶ, ಫಲಕ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ಅವಳ ಕಂಪನಿಯ ನಕ್ಷೆಯ ವಿರುದ್ಧ ಇವೆಲ್ಲ ಏನೂ ಅಲ್ಲ ಎಂದು ಅವಳು ಹೇಳಬಹುದಿತ್ತು.

"ಗ್ಯಾಸ್ ಬಿಡುವ ಮೊದಲೇ ಸರಿಸಿದ್ದರೆ ನಕ್ಷೆಗೆ ಸೇರದೆ ಉಳಿಯಲೂ ಸಾಕು," ಎಂದು ನಕ್ಷೆಯನ್ನು ಮತ್ತೆ ಬಿಡಿಸಿದಳು. "ಒಂದು ಗುಂಡಿ ತೋಡಿಸುವ ಸರ್. ಸಿಗದಿದ್ದರೆ ನಿಮಗೂ ನೆಮ್ಮದಿ, ನನಗೂ ನೆಮ್ಮದಿ."

ಬನದ ಹಿಂದೆ, ಕಟ್ಟೆಯ ಗಡಿಯಿಂದ ಆಚೆಗೆ, ದರೆಯ ಅಂಚಿನ ಹುಲ್ಲಿನಲ್ಲಿ ಅಡ್ಡಕ್ಕೆ ಅಗೆಯಲು ಹೇಳಿದಳು. ಅಕ್ಕ ಮೇಲೆ ಬಂದು ಕೈಕಟ್ಟಿ ನಿಂತರು. ಮೊದಲು ಮುರಕಲ್ಲಿನ ಕೆಂಪು ಮಣ್ಣು ಬಂತು. ಮೊಣಕಾಲಿನಷ್ಟು ಆಳಕ್ಕೆ ಹೋದರೂ ಅದೇ ಮಣ್ಣು. ಅಕ್ಕ ನನ್ನ ಕಡೆ ನೋಡಿದರು; ನಾನು ಗುಂಡಿಯ ಕಡೆ ನೋಡುತ್ತಿದ್ದೆ. ಸೊಂಟದ ಆಳಕ್ಕೆ ಸಮೀಪಿಸುವಾಗ ಕೆಂಪಿನ ನಡುವೆ ಬಿಳಿ ಮರಳು ಕಂಡಿತು. ಆ ಎತ್ತರದಲ್ಲಿ ಮರಳು ತಾನಾಗಿ ಬರುವುದಿಲ್ಲ, ಯಾರಾದರೂ ತಂದು ಹಾಕಬೇಕು. "ಹಾರೆ ಬಿಡಿ," ಎಂದಳು ಹುಡುಗಿ. ತಾನೇ ಗುಂಡಿಗೆ ಇಳಿದು ಬರಿಗೈಯಿಂದ ಮರಳು ಸರಿಸಿದಳು. ಅವಳ ಬೆರಳಡಿಯಲ್ಲಿ ಹಳದಿ ಪೈಪಿನ ದುಂಡು ಬೆನ್ನು ಕಾಣಿಸಿತು.

ನನಗೆ ಗೆದ್ದ ಭಾವನೆಯೇನೂ ಬರಲಿಲ್ಲ. ಓಣಿಯ ಅಂಚಿನಲ್ಲಿ ಕುಳಿತೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಅಲ್ಲಿಯೇ ನಿಂತು ಹೆಜಮಾಡಿಯಲ್ಲಿರುವ ತಮ್ಮ ಅಣ್ಣನಿಗೆ, ಕುಟುಂಬದ ಯಜಮಾನರಿಗೆ, ಫೋನು ಮಾಡಿದರು. ತುಳುವಿನಲ್ಲಿ ಮಾತು ನಡೆಯಿತು. ಮೊದಲು ಅಕ್ಕನ ದನಿ ಏರಿತು, ಆಮೇಲೆ ಅವರು ಬರೇ ಕೇಳಿದರು.

ವಿಷಯ ಇಷ್ಟೇ ಆಗಿತ್ತು. ಸುಗ್ಗಿಯಲ್ಲಿ ಪೈಪಿನವರು ನೇರವಾಗಿ ಅಗೆದು ಪೈಪು ಹೂತರು. ಆಮೇಲೆ ಪ್ರತಿಷ್ಠೆಯ ತಯಾರಿಗೆ ಬಂದ ಯಜಮಾನರಿಗೆ ಬನದ ಮಣ್ಣು ಗಾಯವಾದದ್ದು ಗೊತ್ತಾಯಿತು. ಗ್ಯಾಸ್ ಇನ್ನೂ ಬಿಟ್ಟಿರಲಿಲ್ಲ. ಅವರು ಕೆಲಸದವರನ್ನು ಕೇಳಿಕೊಂಡು, ಬನದ ಹಿಂದಿನಿಂದ ಬಳಸಿ ಬೇರೆ ಪೈಪು ಹಾಕಿಸಿದರು. ಪ್ರತಿಷ್ಠೆಯ ದಿನಕ್ಕೆ ಹಿಂದಿನ ಕಾಲುವೆ ಮುಚ್ಚಿಯಾಗಿತ್ತು; ಅಕ್ಕ ಕಂಡದ್ದು ಎರಡು ತುದಿಯ ಗುಂಡಿಗಳನ್ನೂ ಓಣಿಯ ಮೇಲೆ ಉಳಿದ ಮಣ್ಣಿನ ರಾಶಿಯನ್ನೂ. ಹಳೆಯ ತುಂಡನ್ನು ತೆಗೆಯಬೇಕಾದರೆ ಮತ್ತೆ ಅದೇ ಮಣ್ಣನ್ನು ಅಗೆಯಬೇಕಲ್ಲ? ಹಾಗಾಗಿ ಅದನ್ನು ಹಾಗೆಯೇ ಬಿಟ್ಟು, ನಾಗನಿಗೆ ತಪ್ಪುಕಾಣಿಕೆ ಹಾಕಿ, ಮೇಲೆ ಕಟ್ಟೆ ಕಟ್ಟಿದರು. ಬನದ ಮಣ್ಣು ಅಗೆದುಹೋದ ವಿಷಯವನ್ನು ಊರಿಗೆ ಹೇಳುವುದು ಕುಟುಂಬಕ್ಕೆ ಮರ್ಯಾದೆಯೆನಿಸಲಿಲ್ಲ. ಅಕ್ಕನಿಗೂ ಹೇಳಿರಲಿಲ್ಲ.

"ನನ್ನ ಅಣ್ಣ ನಾಗನಿಗೆ ಹೇಳಿದ್ದಾನೆ, ನನಗೆ ಹೇಳಲಿಲ್ಲ," ಎಂದರು ಅಕ್ಕ ಫೋನು ಇಟ್ಟು. ಆಮೇಲೆ ನನ್ನ ಕಡೆ ತಿರುಗದೆಯೇ, "ಡಾಕ್ಟ್ರೆ, ಮನೆಗೆ ಹೋಗಿ ಎಂತಾದರೂ ತಿನ್ನಿ. ನಿಮ್ಮ ಮುಖ ನೋಡಲಿಕ್ಕೆ ಆಗುವುದಿಲ್ಲ," ಎಂದರು.

ಈಗ ಸ್ಥಳಾಂತರ ನಿಜವಾಗಿಯೂ ಬೇಕಾಗಿತ್ತು, ದಿನಗಳು ಮಾತ್ರ ಇರಲಿಲ್ಲ. ಹೊಸ ಪೈಪು ಓಣಿಯ ಈಚೆ ಬದಿಗೆ ಬರಲಿ, ನನ್ನ ಆವರಣದ ಒಳಗಿನ ಹೂವಿನ ಪಾತಿಯಲ್ಲಿ ಹೋಗಲಿ ಎಂದೆ. ಆಗ ಕಾಂಕ್ರೀಟನ್ನು ಎರಡೇ ಕಡೆ ಅಡ್ಡಕ್ಕೆ ಕಡಿದರೆ ಸಾಕು. ಮನೆಯಾಕೆ ತನ್ನ ದಾಸವಾಳದ ಗಿಡಗಳನ್ನು ಒಮ್ಮೆ ನೋಡಿ, "ಕೊಂಬೆ ಊರಿದರೆ ಮತ್ತೆ ಬರುತ್ತದೆ," ಎಂದಳು. ಇಂಜಿನಿಯರ್ ನನ್ನೊಂದಿಗೆ ಪಂಚಾಯತಿಗೆ ಬಂದು, ಗುಂಡಿಯ ಫೋಟೊ ತೋರಿಸಿ, ಅಧಿಕಾರಿಯ ಎದುರು ಕುಳಿತೇ ಒಪ್ಪಿಗೆ ಪಡೆದಳು. ಕಿಟಕಿಯ ಹೊರಗೆ ಆಗಲೇ ಒಂದು ಸಣ್ಣ ಮಳೆ ಬಂದು ಹೋಯಿತು. ಅಧಿಕಾರಿ ಸಹಿ ಹಾಕುವ ಪೆನ್ನನ್ನು ಎತ್ತಿ ಹಿಡಿದು ಕಿಟಕಿಯ ಕಡೆ ನೋಡಿದರು. "ಇದು ಮಳೆ ಅಲ್ಲ, ಮೋಡ ಕೆಮ್ಮಿದ್ದು," ಎಂದು ಸಹಿ ಹಾಕಿದರು.

ಮೇಸ್ತ್ರಿ ಅಷ್ಟರಲ್ಲಿ ಕಾರ್ಕಳದಲ್ಲಿ ಬೇರೆ ಕೆಲಸ ಹಿಡಿದಿದ್ದ. ಫೋನು ಎತ್ತದ್ದರಿಂದ ನಾನೇ ಹೋದೆ. ಒಂದು ಮನೆಯ ಪಾಯದ ಪಕ್ಕ ಕಲ್ಲಿನ ರಾಶಿಯ ಮೇಲೆ ಕುಳಿತಿದ್ದ.

"ಒಂದು ಸಲ ಬಾ ಅಂತೀರಿ, ಒಂದು ಸಲ ಬೇಡ ಅಂತೀರಿ. ನನ್ನ ಆಳುಗಳು ಮೇಳದ ವೇಷದವರಾ ಡಾಕ್ಟ್ರೆ, ಚೆಂಡೆ ಬಡಿದ ಕೂಡಲೇ ರಂಗಕ್ಕೆ ಬರಲಿಕ್ಕೆ?"

ಜೇಸಿಬಿಯ ಬಕೆಟ್ ಇಳಿಯಬೇಕಾಗಿದ್ದ ಜಾಗದಲ್ಲಿ ಪೈಪು ಸಿಕ್ಕಿದ್ದನ್ನು ಹೇಳಿದೆ. ಅವನು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದ.

"ಜೇಸಿಬಿಯಲ್ಲಿ ಕೂರುವವ ನನ್ನ ತಮ್ಮನೇ ಮಾರಾಯ್ರೆ," ಎಂದ. ಕಲ್ಲಿನ ಲಾರಿ ಯಾವ ದಿನ ಹೊರಡಬೇಕು ಎಂದು ಮಾತ್ರ ಆಮೇಲೆ ಕೇಳಿದ.

ಪೈಪು ಬದಲಿಸುವ ದಿನ ಓಣಿಯ ಮನೆಗಳಿಗೆ ಬೆಳಗಿನಿಂದಲೇ ಗ್ಯಾಸ್ ನಿಲ್ಲಿಸಿದರು. ಹೊಸ ಪೈಪನ್ನು ಮೊದಲೇ ನನ್ನ ಪಾತಿಯಲ್ಲಿ ಹೂತು, ಗಾಳಿಯ ಒತ್ತಡ ಕೊಟ್ಟು ಪರೀಕ್ಷಿಸಿದ್ದರು. ಈಗ ಹಳೆಯದನ್ನು ಎರಡೂ ತುದಿಗಳಲ್ಲಿ ಕಬ್ಬಿಣದ ಇಕ್ಕಳದಂಥ ಸಾಧನದಿಂದ ಚಪ್ಪಟೆಯಾಗುವಂತೆ ಹಿಸುಕಿ, ಕಡಿದು, ಹೊಸದಕ್ಕೆ ಬೆಸೆಯಬೇಕಿತ್ತು. ಮೊಬೈಲುಗಳನ್ನೆಲ್ಲ ದೂರ ಇಡಿಸಿದರು. ಅಕ್ಕನಿಗೂ ಒಲೆ ಆರಿಸಿರಿ ಎಂದು ಹೇಳಲು ಇಳಿದವನಿಗೆ ಅವರು ಅದನ್ನು ಆಗಲೇ ಆರಿಸಿ, ಅದಕ್ಕೆ ಮೊದಲೇ ಓಣಿಯ ಎಲ್ಲ ಮನೆಗಳಿಗೂ ಆಗುವಷ್ಟು ನೀರುದೋಸೆ ಮಾಡಿ ಬಾಳೆಲೆಯಲ್ಲಿ ಕಟ್ಟಿಟ್ಟದ್ದು ಕಂಡಿತು.

"ಪೈಪಿನ ಗ್ಯಾಸಿನವರಿಗೆ ಇವತ್ತು ಸಿಲಿಂಡರಿನ ದೋಸೆ," ಎಂದರು. "ಹೇಳಿ ಅವರಿಗೆ, ನೆನಪಿರಲಿ."

ಬೆಸುಗೆ ಆರಲು ಕಾಯುವ ಹೊತ್ತು ಆ ದಿನದ ಅತಿ ಕಷ್ಟದ ಹೊತ್ತು. ಏನೂ ಮಾಡುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಹುಡುಗಿ ಕೀಲಿಗೆ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡಿದಳು. ಗುಳ್ಳೆ ಏಳಲಿಲ್ಲ. ಹಳೆಯ ಬಳಸುದಾರಿಯ ಪೈಪನ್ನು ಮೇಲೆತ್ತಿ ಎಳೆದು ಹೊರಗೆ ಹಾಕಿದರು. ಬನದ ಕಟ್ಟೆಯಡಿಯ ಇನ್ನೊಂದು, ಗ್ಯಾಸ್ ಕಾಣದ ಪೈಪು ಈಗಲೂ ಅಲ್ಲೇ ಇದೆ. ಅದನ್ನು ನಕ್ಷೆಯಲ್ಲಿ ಕಾಣಿಸಬೇಕೆಂದು ನಾನು ಹುಡುಗಿಯನ್ನು ಕೇಳಿಕೊಂಡೆ; ಅವಳು ಕಾಣಿಸಿದಳು.

ಜೇಸಿಬಿ ಅಂಚು ಕಡಿಯಿತು. ಕಾರ್ಕಳದ ಕಲ್ಲು ಬಂತು. ಮೇಸ್ತ್ರಿ ಆಳುಗಳನ್ನು ಹೆಚ್ಚು ಮಾಡಿದ. ಆದರೂ ಗೋಡೆ ಅಡುಗೆಮನೆಯ ಕಿಟಕಿ ದಾಟಿ, ಇನ್ನೂ ಮಾಡಿನ ಅಂಚು ಮುಟ್ಟುವ ಮೊದಲೇ ಮಳೆ ಬಂತು. ಈ ಸಲ ಮೋಡ ಕೆಮ್ಮಿದ್ದಲ್ಲ. ಮಧ್ಯಾಹ್ನದ ಹೊತ್ತಿಗೆ ಬೆಳಕು ಇಳಿದು, ಕಡಲಿನ ಕಡೆಯಿಂದ ಗೋಡೆಯ ಹಾಗೆ ನಡೆದು ಬಂತು. ಮೇಲಿನ ಅಂಚಿಗೆ ಟರ್ಪಾಲು ಹೊದಿಸಿ ಕಲ್ಲಿಟ್ಟಿದ್ದೆವು. ನಾನು ಕೊಡೆ ಹಿಡಿದು ಕೆಳಮನೆಗೆ ಓಡಿದೆ. ಅಕ್ಕನನ್ನು ಎದುರಿನ ಜಗಲಿಗೆ ಕರೆದೊಯ್ಯಬೇಕೆಂದು.

ಅವರು ಬರಲೊಪ್ಪಲಿಲ್ಲ. ಸಂಜೆಯ ಕಡುಬಿನ ಹಿಟ್ಟು ರುಬ್ಬಿಟ್ಟಿತ್ತು. ಮೇಸ್ತ್ರಿಯೂ ಅಲ್ಲಿಯೇ ಇದ್ದ, ಹಿಂಬಾಗಿಲಿನ ಹೊಸ್ತಿಲಲ್ಲಿ ಕುಳಿತು ಗೋಡೆಯ ಬುಡದ ತೂತುಗಳನ್ನು ನೋಡುತ್ತಿದ್ದ. ದರೆಯೊಳಗಿನ ನೀರು ಹೊರಗೆ ಬರಲು ಗೋಡೆಯಲ್ಲಿ ಅಲ್ಲಲ್ಲಿ ತೂತು ಬಿಟ್ಟಿದ್ದ. ಮೊದಲು ಅವು ಸುಮ್ಮನಿದ್ದವು. ಅದೇ ನನಗೆ ಹೆಚ್ಚು ಭಯ. ನೀರು ಒಳಗೇ ನಿಂತರೆ ಹಸಿ ಗೋಡೆಯನ್ನು ದೂಡುತ್ತದೆ. ಮೇಲಿನಿಂದ ಧೊಪ್ಪೆಂದು ಒಂದು ಸದ್ದು ಬಂತು. ಟರ್ಪಾಲಿನ ಕೆಳಗೆ ಮಣ್ಣಿನ ಒಂದು ಹೆಂಟೆ ಕಳಚಿ ಗೋಡೆಯ ಹಿಂದೆ ಬಿದ್ದಿತ್ತು. ಅಕ್ಕನ ಕೈ ಹಿಟ್ಟಿನಲ್ಲಿ ಹಾಗೆಯೇ ನಿಂತಿತು. ಗೋಡೆ ಅಲುಗಲಿಲ್ಲ.

ಆಮೇಲೆ ಕೆಳಗಿನ ತೂತಿನಿಂದ ನೀರು ಬಂತು, ರಕ್ತದಂಥ ಕೆಂಪು.

"ಇದು ಕೆಂಪಾಗಿಯೇ ಬಂದರೆ ಮಣ್ಣು ಕರಗಿ ಹೋಗುವುದು ಅಂತ ಅರ್ಥ," ಎಂದ ಮೇಸ್ತ್ರಿ, ಅಲ್ಲಿಂದ ಕಣ್ಣು ತೆಗೆಯದೆ. "ತಿಳಿಯಾದರೆ ನಿಂತಿತು."

ಮೂವರೂ ಅದನ್ನು ನೋಡುತ್ತ ಕುಳಿತೆವು. ಮಳೆ ಕಡಿಮೆಯಾಗಲಿಲ್ಲ. ಎಷ್ಟು ಹೊತ್ತು ಕುಳಿತೆವೋ ತಿಳಿಯದು. ಗಡಿಯಾರ ನೋಡುವ ನನ್ನ ಅಭ್ಯಾಸ ಅಂದು ಏಕೋ ಕೈಕೊಟ್ಟಿತು. ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿಯಿತು, ಆಮೇಲೆ ಚಹದ ಬಣ್ಣಕ್ಕೆ. ಎರಡನೆಯ ತೂತೂ ಹರಿಯತೊಡಗಿತು, ಮೂರನೆಯದೂ. ಕೊನೆಗೊಮ್ಮೆ ಅಕ್ಕ ಎದ್ದು ಹೋಗಿ, ಮಳೆಯಲ್ಲೇ ಕೈ ಚಾಚಿ, ಆ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದರು. ಅಂಗೈಯ ಗೆರೆಗಳು ಕಾಣುತ್ತಿದ್ದವು.

ಅವರು ಒಳಗೆ ಬಂದು ಕೈ ಒರೆಸಿಕೊಂಡು ಒಲೆ ಹಚ್ಚಿದರು. "ಇಬ್ಬರೂ ಕುಳಿತುಕೊಳ್ಳಿ," ಎಂದರು. "ಮೊದಲಿನ ಕಡುಬು ಹೋಟೆಲಿಗೆ ಬೇಡ."